ಬಾಯಲ್ಲಿ ಬೆಲೆ ಹೇಳಿದ ಶೆಟ್ಟಮ್ಮ

ಜವಾಬು ಬಂದಿದೆ! ನಮ್ಮ ಲಕ್ಕಮ್ಮ ಹಿಂದೂಪುರದ ಮಂಡಿಗೆ ಬರೆದ ಕಾಗದಕ್ಕೆ ನಿನ್ನೆ ಬೆಳಿಗ್ಗೆ ಜವಾಬು ಬಂದಿದೆ. ನೂರು ಕಂಬಳಿ ಬೇಕಂತೆ. ನಾವು ಬರೆದ ಬೆಲೆಗೇ ಬೇಕಂತೆ, ಒಂದು ಕಾಸಿನ ಚೌಕಾಸಿಯೂ ಇಲ್ಲ. ಉಣ್ಣೆಯಲ್ಲ ಸ್ವಾಮಿ, ಕಂಬಳಿ! ನಮ್ಮ ಮಗ್ಗದಿಂದ ಇಳಿದ, ನಮ್ಮ ಹುಣಸೆ ಬೀಜದ ಗಂಜಿ ಕುಡಿದ ಕಂಬಳಿ!

ಲಕ್ಕಮ್ಮ ನನ್ನ ಮಗನ ಮಗಳು. ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಓದಿ ಪಾಸಾದವಳು. ಜವಾಬು ತೆಲುಗಿನಲ್ಲಿತ್ತು. ತೆಲುಗು ಅಕ್ಷರ ನಮ್ಮ ಅಕ್ಷರಕ್ಕೆ ಒಡಹುಟ್ಟಿದ ತಂಗಿಯಂತೆ; ಅವಳು ಒಂದೊಂದೇ ಕೂಡಿಸಿಕೊಂಡು ಓದಿದಳು. ನಾನು ಮೂರು ಸಲ ಓದಿಸಿದೆ. ನಾಲ್ಕನೆಯ ಸಲಕ್ಕೆ “ತಾತ, ಕಾಗದ ಹರಿದೋಗ್ತದೆ” ಎಂದು ಮಡಿಸಿ ಡಬ್ಬಿಗೆ ಹಾಕಿಬಿಟ್ಟಳು. ನಾನು ನಮ್ಮೂರು ಪುರವರದ ಬೀದಿಗಿಳಿದೆ. ಸಿಕ್ಕವರಿಗೆಲ್ಲ ಹೇಳಿದೆ. ತಲೆ ತಗ್ಗಿಸಿಕೊಂಡು ಹೋಗುತ್ತಿದ್ದವರನ್ನೂ ಕೂಗಿ ನಿಲ್ಲಿಸಿ ಹೇಳಿದೆ. ಹೇಳಲು ಜನ ಮುಗಿದ ಮೇಲೆ ಮನೆಗೆ ಬಂದು ಕೊಟ್ಟಿಗೆಯ ಎಮ್ಮೆಗೂ ಹೇಳಿದೆ.

“ಅದಕ್ಕೆ ಅರ್ಥ ಆಯ್ತಾ?” ಎಂದಳು ನನ್ನ ಹೆಂಡತಿ.

“ನಿನಗಿಂತ ಬೇಗ ಆಯ್ತು ಕಣೇ.”

ಎರಡನೆಯ ಕ್ಲಾಸಿಗೆ ಸ್ಲೇಟು ಇಟ್ಟು ಮಗ್ಗದ ಕುಣಿಗೆ ಕಾಲು ಇಳಿಬಿಟ್ಟವನು ನಾನು. ಇಷ್ಟುದ್ದ ಎಂದೂ ಬರೆದವನಲ್ಲ. ಆದರೆ ಈ ಸಂತೋಷ ಬೀದಿಯಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಏಕೆಂದರೆ ಇದರ ಬೇರು ನಮ್ಮ ಮನೆಯದಲ್ಲ. ಅದು ಮಧುಗಿರಿ ಪೇಟೆಯ ಒಬ್ಬ ಹೆಂಗಸಿನದು. ಅವರ ಹೆಸರು ಬರೆಯುವುದಿಲ್ಲ. ಗೊತ್ತಿಲ್ಲವೆಂದಲ್ಲ. ಬದುಕಿದ್ದಾಗ ಹೆಸರು ಹಿಡಿದು ಕರೆಯದವನು ಈಗ ಕರೆದರೆ ಕಪಾಳಕ್ಕೆ ಬಿಗಿಯಲು ಎದ್ದೇ ಬಂದಾರು. ಪೇಟೆಯವರೆಲ್ಲ ಶೆಟ್ಟಮ್ಮ ಎನ್ನುತ್ತಿದ್ದರು. ನಾನೂ ಅಷ್ಟೇ ಅನ್ನುತ್ತೇನೆ.

ಕುಳ್ಳಗಿನ ಗಟ್ಟಿ ಹೆಂಗಸು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಎಲ್ಲೇ ಇರಲಿ, ಪೂಜೆ ಮಾಡದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಕಂಬಳಿ ಕೈಗೆ ಕೊಟ್ಟರೆ ನೋಡುತ್ತಲೇ ಇರಲಿಲ್ಲ, ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಯಾವ ಮಗ್ಗದ್ದು, ಉಣ್ಣೆಯನ್ನು ಸರಿಯಾಗಿ ಹಿಂಜಿದ್ದಾರೋ ಇಲ್ಲವೋ, ಎಲ್ಲವನ್ನೂ ಕೆನ್ನೆಯೇ ಹೇಳುತ್ತಿತ್ತು. ಇನ್ನೊಂದು ವಿಚಿತ್ರವಿತ್ತು. ಎತ್ತುಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. “ಏಳಿ, ದಣಿವಾಯ್ತಾ? ನೀರು ಕುಡೀರಿ” ಎಂದು ಅವುಗಳ ಬೆನ್ನು ಸವರಿ, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ “ಲೇ, ನಿಂತ್ಕೊಂಡು ಏನ್ ನೋಡ್ತೀಯೋ, ಹುಲ್ಲು ಹಾಕು” ಎನ್ನುತ್ತಿದ್ದರು. ಒಂದು ಸಲ ಕೇಳಿಯೇಬಿಟ್ಟೆ. “ಅವು ಸುಳ್ಳು ಹೇಳಲ್ಲ ಕಣಪ್ಪ” ಎಂದರು.

ಅವರ ಕಥೆ ತಿಳಿಯಬೇಕಾದರೆ ಗಡಿಯ ಕಥೆ ಎರಡು ಮಾತು ಹೇಳಬೇಕು. ನಮ್ಮದು ಮೈಸೂರು ಸೀಮೆ, ಮಹಾರಾಜರದು. ಪುರವರದಿಂದ ಬೆಳಿಗ್ಗೆ ಗಾಡಿ ಕಟ್ಟಿ ಮೂಡಲಿಗೆ ಹೊಡೆದರೆ ಮಧ್ಯಾಹ್ನಕ್ಕೆ ಮದ್ರಾಸು ಸೀಮೆ, ಇಂಗ್ಲಿಷರದು. ಪಾವಗಡವಂತೂ ನಮ್ಮ ಮಹಾರಾಜರದೇ ತಾಲ್ಲೂಕು, ಆದರೆ ಸುತ್ತ ಇಂಗ್ಲಿಷರ ನೆಲ. ಕೆರೆ ನಡುವಿನ ದಿಬ್ಬದ ಹಾಗೆ. ಅಲ್ಲಿಯ ಕುರಿಗಳ ಉಣ್ಣೆ ನಮ್ಮ ಮಗ್ಗಕ್ಕೆ ಬರಬೇಕಾದರೆ ಪರಸೀಮೆ ದಾಟಿಯೇ ಬರಬೇಕು. ಆಚೆಯದು ದೊಡ್ಡ ಸೀಮೆ. ರೈಲು ಅವರದು, ಮಿಲ್ಲಿನ ಮಾಲು ಅವರದು, ಮಂಡಿ ಅವರದು. ನಮ್ಮದು ವಾರಕ್ಕೊಂದು ಸಂತೆ. ಆಚೆಯ ಹಿಂದೂಪುರದಲ್ಲಿ ಯಾವ ಬೆಲೆ ಕಟ್ಟುತ್ತಾರೋ ಅದೇ ನಮ್ಮ ಕಂಬಳಿಗೆ ಬೆಲೆ.

ಆ ಬೆಲೆಯನ್ನೂ ಬಾಯಲ್ಲಿ ಆಡುವಂತಿರಲಿಲ್ಲ. ಕೊಳ್ಳುವ ಸಾಹುಕಾರ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ತನ್ನ ಕೈ ಮೇಲೆ ಹೊದಿಸಿ ಮುಂದೆ ಚಾಚುತ್ತಿದ್ದ. ಮಾರುವವನು ಅದರೊಳಗೆ ಕೈ ಹಾಕಬೇಕು. ಬೆರಳು ಹಿಡಿದರೆ ಇಷ್ಟು, ಗೆಣ್ಣು ಒತ್ತಿದರೆ ಅಷ್ಟು. ಒಳಗೆ ಬೆರಳುಗಳು ಜಗಳವಾಡುತ್ತಿದ್ದರೆ ಹೊರಗೆ ಇಬ್ಬರೂ ಮಳೆ ಬರುತ್ತದೋ ಏನೋ ಎಂದು ಆಕಾಶ ನೋಡುತ್ತಿರುತ್ತಿದ್ದರು. ಪಕ್ಕದಲ್ಲಿ ನಿಂತ ಒಡಹುಟ್ಟಿದವನಿಗೂ ಬೆಲೆ ತಿಳಿಯದು. ದನದ ವ್ಯಾಪಾರದಲ್ಲಿ ಈಗಲೂ ಹೀಗೇ ಉಂಟು. ವಲ್ಲಿಯೊಳಗಿನ ಬೆಲೆಯನ್ನು ಹೊರಗೆ ಆಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನಮ್ಮ ಅಪ್ಪ ತಾತಂದಿರು ಹೇಳಿಕೊಟ್ಟಿದ್ದರು. ನಾವೂ ನಂಬಿದ್ದೆವು.

ಶೆಟ್ಟಮ್ಮನ ಗಂಡ ನಮ್ಮ ಕಡೆಯ ಕಂಬಳಿಗಳನ್ನು ಹಿಂದೂಪುರಕ್ಕೆ ಒಯ್ಯುತ್ತಿದ್ದವರು. ಜ್ವರ ಬಂದು ಮೂರು ದಿನಕ್ಕೇ ತೀರಿಕೊಂಡರು. ಮಕ್ಕಳಿರಲಿಲ್ಲ. ಪಡಸಾಲೆಯಲ್ಲಿ ನಲವತ್ತು ಕಂಬಳಿ ಮಡಿಸಿಟ್ಟದ್ದು ಹಾಗೇ ಇತ್ತು. ಕರ್ಮಗಳೆಲ್ಲ ಮುಗಿದ ಮೇಲೆ ನಾವು ನಾಲ್ಕು ಜನ ನೇಕಾರರು ಹೋಗಿ ಕೈಕಟ್ಟಿ ನಿಂತೆವು.

“ಅಮ್ಮಾ, ನಮ್ಮ ಮಾಲು ವಾಪಸ್ ತಗೊಂಡೋಗೋಣ ಅಂತ...”

“ತಗೊಂಡೋಗಿ ಏನ್ಮಾಡ್ತೀರಾ? ನಲವತ್ತನ್ನೂ ನೀವೇ ಹೊದ್ಕೋತೀರಾ? ಗಾಡಿ ಕಟ್ರೋ.”

“ಹಿಂದೂಪುರಕ್ಕೆ ಯಾರು ಹೋಗ್ತಾರಮ್ಮ?” ಎಂದೆ ನಾನು.

“ನಿಮ್ಮಪ್ಪ ಹೋಗ್ತಾನಾ? ನಾನೇ.”

ಗಾಡಿ ಹೊಡೆಯಲು ನನ್ನನ್ನೇ ಆರಿಸಿದರು. ಎದುರು ಮಾತಾಡಿದ್ದಕ್ಕೆ ಅದು ಶಿಕ್ಷೆಯೋ ಮೆಚ್ಚುಗೆಯೋ ಇವತ್ತಿಗೂ ತಿಳಿದಿಲ್ಲ. ನನಗೆ ಆಗ ಮದುವೆಯಾಗಿ ಎರಡು ವರ್ಷ. ಕಂಬಳಿ ಹೋಗದಿದ್ದರೆ ಮಗ್ಗದ ಕುಣಿ ಮುಚ್ಚಿ ಕೂಲಿಗೆ ಹೋಗಬೇಕಿತ್ತು.

ಹಿಂದೂಪುರದ ಮಂಡಿಯಲ್ಲಿ ಆ ದಿನ ಆದದ್ದು ನನ್ನ ಕಣ್ಣೆದುರೇ ಇದೆ. ಸಾಹುಕಾರ ರೂಢಿಯಂತೆ ವಲ್ಲಿ ಹೊದಿಸಿ ಕೈ ಚಾಚಿದ. ಎದುರಿಗೆ ಹೆಂಗಸು! ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

“ಎವರಿ ಚೆಯ್ಯಿ ಪಟ್ಟುಕೋವಾಲಿ ತಲ್ಲೀ?” ಎಂದ. ಯಾರ ಕೈ ಹಿಡಿಯಲಿ ತಾಯಿ ಎಂದು. ಗಂಡಸರನ್ನು ಕಳಿಸು ಎಂದೂ ಸೇರಿಸಿದ. ಮಂಡಿಯೆಲ್ಲ ನಕ್ಕಿತು.

ನಾನು ಗಂಡಸಲ್ಲವೇ, ಮುಂದೆ ಹೋಗಿ ಕೈ ನೀಡಿದೆ. ಶೆಟ್ಟಮ್ಮ ನನ್ನ ಕೈ ಮೇಲೆ ಪಟ್ಟೆಂದು ಹೊಡೆದರು.

“ಕೈ ಯಾಕಪ್ಪಾ ಬೇಕು? ಶಿವ ಬಾಯಿ ಕೊಟ್ಟವ್ನೆ.”

ಅಷ್ಟೆಂದು, ಕಂಬಳಿಗೆ ಇಷ್ಟು ಎಂದು ಕೂಗಿಬಿಟ್ಟರು. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ, ಬೆಲ್ಲದ ಮೂಟೆ ಹೊರುತ್ತಿದ್ದ ಹಮಾಲರಿಗೂ ಕೇಳುವಂತೆ. ನಗು ನಿಂತುಹೋಯಿತು. ನಾಲ್ಕು ಜನರೆದುರು ಪಂಚೆ ಎಳೆದರೂ ಅಷ್ಟು ಮುಜುಗರವಾಗುತ್ತಿರಲಿಲ್ಲ ಆ ಮಂಡಿಯವರಿಗೆ. ಸಾಹುಕಾರ ಸುತ್ತ ನೋಡಿ ತಗ್ಗಿದ ದನಿಯಲ್ಲಿ “ಅಟ್ಲಾ ಚೆಪ್ಪಕೂಡದಮ್ಮಾ” ಎಂದ. ಹಾಗೆ ಹೇಳಬಾರದಮ್ಮ ಎಂದು.

“ಯಾಕ್ ಹೇಳಬಾರ್ದು? ಕದ್ದ ಮಾಲಾ?”

ನಲವತ್ತರಲ್ಲಿ ಒಂದೂ ಹೋಗಲಿಲ್ಲ. ತುಂಬಿದ ಗಾಡಿ ತುಂಬಿದಂತೆಯೇ ತಿರುಗಿತು. ದಾರಿಯಲ್ಲಿ ಜಯಮಂಗಲಿ ಹೊಳೆಯ ಹತ್ತಿರ ಎತ್ತು ಬಿಟ್ಟು ಕೂತಾಗ ನನಗೆ ತಡೆಯಲಾಗಲಿಲ್ಲ.

“ಅಮ್ಮಾ, ನಾನು ಕೈ ಹಾಕಿದ್ರೆ ಮಾಲು ಹೋಗ್ತಿತ್ತು.”

ಅವರು ಹೊಳೆ ನೋಡುತ್ತ ಕೂತಿದ್ದರು. ನಮ್ಮ ಕೊರಟಗೆರೆ ಸೀಮೆಯ ಬೆಟ್ಟಗಳಿಂದ ಬರುವ ನೀರು, ಮದ್ರಾಸು ಸೀಮೆಗೆ ಹೋಗಿ ಸೇರುತ್ತದೆ.

“ಈ ಹೊಳೆ ಒಂದೇ ಕಣಪ್ಪ ಬೆಲೆ ಕೇಳ್ದೆ ಆಚೆಗೆ ಹೋಗೋದು. ನಾವು ಹೊಳೆ ಅಲ್ಲ. ಗಾಡಿ ಕಟ್ಟು.”

ಮುಂದಿನ ಸಂತೆಗೆ ಮತ್ತೆ ಹೋದೆವು. ಮತ್ತೆ ತಿರುಗಿ ಬಂದೆವು. ಮೂರನೆಯ ಸಲ ನಾನು ಬರುವುದಿಲ್ಲ ಎಂದು ಮನೆಯಲ್ಲಿ ಅವಿತುಕೊಂಡಿದ್ದೆ. ನನ್ನ ಹೆಂಡತಿಯೇ ತೋರಿಸಿಕೊಟ್ಟಳು. ಆ ಸಲ ಶೆಟ್ಟಮ್ಮ ಮಂಡಿಯೊಳಗೆ ಕಾಲಿಡಲಿಲ್ಲ. ಹೊರಗೆ ಬೀದಿಯಲ್ಲಿ ಗಾಡಿ ನಿಲ್ಲಿಸಿ ನಾಲ್ಕು ಜನರನ್ನು ಕರೆದು ಒಂದು ಕಂಬಳಿಯ ನಾಲ್ಕು ಮೂಲೆ ಹಿಡಿಸಿದರು. ನಡುವೆ ಜೋಲಿಯಂತೆ ತಗ್ಗಾಯಿತು. “ಸುರಿ” ಎಂದರು. ನಾನು ಒಂದು ಬಿಂದಿಗೆ ನೀರು ಸುರಿದೆ. ನೀರು ನಿಂತಿತು. ಕೆಳಗೆ ಒಂದು ತೊಟ್ಟೂ ಇಳಿಯಲಿಲ್ಲ. ಜನ ಸೇರಿದರು. ಒಬ್ಬ ರೈತ ಕಂಬಳಿಯ ಕೆಳಗೆ ಕೂತು ಅಂಗೈ ಒಡ್ಡಿ ನೋಡಿದ. ಶೆಟ್ಟಮ್ಮ ಅವನಿಗೆ “ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳಪ್ಪ, ತೊಟ್ಟಿಕ್ಕಿದ್ರೆ ನಿನಗೆ ಪುಕ್ಕಟೆ” ಎಂದರು. ಅವನು ಕಾಲು ಜೋಮು ಹಿಡಿದು ಎದ್ದು ಕಾಸು ಬಿಚ್ಚಿದ. ಆ ದಿನ ಹದಿನೇಳು ಕಂಬಳಿ ಹೋದವು. ಕೂಗಿ ಹೇಳಿದ ಬೆಲೆ, ಎಲ್ಲರಿಗೂ ಒಂದೇ.

ಹಾಗೆಂದು ಗೆದ್ದೆವು ಎನ್ನುವಂತಿರಲಿಲ್ಲ. ಬೀದಿಯಲ್ಲಿ ಒಂದೊಂದೇ ಮಾರಿ ಹತ್ತು ಹನ್ನೆರಡು ಮಗ್ಗ ಎಷ್ಟು ದಿನ ಸಾಕಬಹುದು? ಗಾಡಿಗಟ್ಟಲೆ ಕೊಳ್ಳುವವರು ಮಂಡಿಯವರೇ. ಅವರು ಇನ್ನೊಂದು ದಾರಿ ಹುಡುಕಿದರು. ನಮ್ಮ ಕಂಬಳಿ ಬೇಡ, ಉಣ್ಣೆ ಕೊಡಿ ಎಂದು ಆಳು ಕಳಿಸಿದರು. ಪಾವಗಡದ ಕುರಿಹಟ್ಟಿಗಳಿಗೇ ಹೋಗಿ ಕೊಂಡರು. ನಾವು ಇಡೀ ವರ್ಷಕ್ಕೆಂದು ಅಟ್ಟದಲ್ಲಿ ತುಂಬಿಟ್ಟ ಉಣ್ಣೆಗೂ ಬಂದರು. ಉಣ್ಣೆ ರೈಲು ಹತ್ತಿ ಎಲ್ಲಿಗೋ ಹೋಗಿ, ಕೆಂಪು ಅಂಚಿನ ಮಿಲ್ಲು ರಗ್ಗಾಗಿ ಮಧುಗಿರಿ ಸಂತೆಗೆ ಬಂದು ಬಿತ್ತು. ಮೆತ್ತಗೆ, ಹಗುರ, ಕಂಬಳಿಗಿಂತ ಅಗ್ಗ.

ಇಲ್ಲಿ ನನ್ನ ತಪ್ಪು ಬರೆಯಬೇಕು. ಆಚೆಯ ಆಳು ನಮ್ಮ ಮನೆಯ ಜಗಲಿಗೆ ಬಂದು ವಲ್ಲಿ ಚಾಚಿದಾಗ ನಾನು ಕೈ ಹಾಕಿದೆ. “ನಿನಗೊಬ್ಬನಿಗೇ ಈ ಬೆಲೆ, ಯಾರಿಗೂ ಹೇಳಬೇಡ” ಎಂದ. ನಾನು ಉಬ್ಬಿಹೋದೆ. ಅಟ್ಟ ಖಾಲಿ ಮಾಡಿ ಕೊಟ್ಟೆ. ಉಣ್ಣೆ ಇಲ್ಲದ ಮಗ್ಗಕ್ಕೆ ಏನು ಕೆಲಸ? ನಮ್ಮ ಮನೆಯ ಕೋಳಿ ಹೋಗಿ ಮಗ್ಗದ ಕುಣಿಯಲ್ಲಿ ಮೊಟ್ಟೆಯಿಟ್ಟಿತು. ನನ್ನ ಹೆಂಡತಿ ಕಡಿಮೆಯವಳಲ್ಲ. “ಕೋಳಿ ಕಾವಿಗೆ ಕೂತದೆ, ನೀವೂ ಪಕ್ಕದಲ್ಲಿ ಕೂತ್ಕಳಿ, ಏನಾದ್ರೂ ಮರಿಯಾದಾವು” ಎಂದಳು. ಸಾಲದ್ದಕ್ಕೆ ಬಂದ ದುಡ್ಡಿನಲ್ಲಿ ನಾನೊಂದು ಕೆಂಪು ಅಂಚಿನ ರಗ್ಗು ಕೊಂಡಿದ್ದೆ. ಅದನ್ನೇ ಹೆಗಲ ಮೇಲೆ ಹಾಕಿಕೊಂಡು ಪೇಟೆಗೆ ಹೋಗಿದ್ದೆ, ಬುದ್ಧಿಗೇಡಿ.

ಶೆಟ್ಟಮ್ಮ ಜಗಲಿಯ ಮೇಲಿಂದ ನೋಡಿ ಕರೆದರು. ರಗ್ಗಿನ ತುದಿ ಎಳೆದು ಕೆನ್ನೆಗೆ ಒತ್ತಿಕೊಂಡರು. ಬಹಳ ಹೊತ್ತು ಒತ್ತಿಕೊಂಡಿದ್ದರು.

“ಇದು ನಿನ್ನ ಉಣ್ಣೇನೇ ಇರಬೌದು ಕಣೋ. ರೈಲಲ್ಲಿ ಊರೆಲ್ಲ ಸುತ್ಕೊಂಡು ನಿನ್ ಹೆಗಲಿಗೇ ಬಂದ್ಬುಟ್ಟೈತೆ. ಬಾಡಿಗೆ ಯಾರು ಕೊಟ್ಟೋರು?”

ನಾನು ರಗ್ಗನ್ನು ಹೆಗಲಿನಿಂದ ಇಳಿಸಿದೆ.

“ನೀನೇ ಕೊಟ್ಟಿದ್ದೀಯ. ಎಷ್ಟಕ್ಕೆ ಕೊಟ್ಟೆ ಉಣ್ಣೆ?”

“ಅದು... ವಲ್ಲಿಯೊಳಗೆ ಆಗಿದ್ದು ಅಮ್ಮಾ. ಹೇಳಬಾರದು.”

ಅವರು ಬೈಯಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು. ಸಂತೆಯ ದಿನ ಎಲ್ಲ ನೇಕಾರರನ್ನೂ ಬರಲು ಹೇಳಿ ಕಳಿಸಿದರು. ಹನ್ನೊಂದು ಜನ ಬಂದು ಜಗಲಿಯ ಕೆಳಗೆ ಕೂತೆವು. ಉಣ್ಣೆ ಮಾರಿದವನು ನಾನೊಬ್ಬನೇ ಎಂದು ಕೂತಿದ್ದೆ. ಶೆಟ್ಟಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ ಒಂದೇ ಮಾತು ಕೇಳಿದರು: “ಎಷ್ಟಕ್ಕೆ ಕೊಟ್ರಿ?”

ಚನ್ನರಾಯನದುರ್ಗದಿಂದ ಬಂದಿದ್ದ ಒಬ್ಬ ಮುದುಕಪ್ಪ ಕೆಮ್ಮಿ, “ತಾಯಿ, ನಮ್ಮಪ್ಪ ಸಾಯೋವಾಗಲೂ ವಲ್ಲಿ ಬೆಲೆ ಹೇಳ್ದೋನಲ್ಲ” ಎಂದ.

“ನಿಮ್ಮಪ್ಪನ ಮಗ್ಗ ಈಗ ಏನ್ ಮಾಡ್ತಾ ಐತೆ ಯಜಮಾನ?”

ಮುದುಕಪ್ಪ ಮೀಸೆ ತಿರುವಿದ. ಆಮೇಲೆ ಬೆಟ್ಟದಿಂದ ಕಲ್ಲು ಉರುಳಿಸಿದಂತೆ ತನ್ನ ಬೆಲೆ ಹೇಳಿಬಿಟ್ಟ. ಪಕ್ಕದವನು ಬಾಯಿ ತೆರೆದ: “ಹಾಂ? ನನಗೆ ಅದಕ್ಕಿಂತ ಎರಡಾಣೆ ಕಮ್ಮಿ ಕೊಟ್ಟವ್ನಲ್ಲ!” ಮತ್ತೊಬ್ಬ ಎದ್ದು ನಿಂತ. ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಹನ್ನೊಂದು ಜನ, ಹನ್ನೊಂದು ಬೆಲೆ. “ನಿನಗೊಬ್ಬನಿಗೇ” ಎಂದು ಹನ್ನೊಂದು ಜನಕ್ಕೂ ಹೇಳಿದ್ದ ಆ ಆಳು. ಕೊನೆಗೆ ನನ್ನ ಸರದಿ. ನನ್ನದು ಎಲ್ಲರಿಗಿಂತ ಕಮ್ಮಿ. ಯಾರೂ ನಗಲಿಲ್ಲ. ಮುದುಕಪ್ಪ ಮಾತ್ರ ನನ್ನ ಬೆನ್ನ ಮೇಲೆ ಕೈಯಿಟ್ಟು, “ಬುಡು ಮಗ, ಇನ್ ಮ್ಯಾಲೆ ಯಾವನ ವಲ್ಲಿಗೂ ಕೈ ಹಾಕಬ್ಯಾಡ” ಎಂದ.

“ಇವನಿಗೊಬ್ಬನಿಗಲ್ಲ ಹೇಳೋದು, ಎಲ್ಲರಿಗೂ” ಎಂದರು ಶೆಟ್ಟಮ್ಮ. “ಅವರದು ದೊಡ್ಡ ಸೀಮೆ. ನಮ್ಮನ್ನ ಒಬ್ಬೊಬ್ಬರನ್ನೇ ಬಟ್ಟೆ ಕೆಳಗೆ ಹಿಡಿದರೆ ನಾವು ಬೆರಳಷ್ಟು. ಹೊರಗೆ ಕೂತು ಕೂಗಿದರೆ ಒಂದು ಊರು. ಉಣ್ಣೆ ಆಚೆಗೆ ಹೋಗಬಾರದು. ಕಂಬಳಿ ಹೋಗಲಿ, ಇಲ್ಲಾ ಏನೂ ಬ್ಯಾಡ.”

ಮುಂದಿನ ವಾರ ಮಂಡಿಯ ಆಳು ನಮ್ಮೂರಿಗೆ ಬಂದ. ಮೊದಲ ಮನೆಯ ಮುಂದೆ ವಲ್ಲಿ ಹೊದಿಸಿ ಕೈ ಚಾಚಿದ. ಯಾರೂ ಕೈ ಹಾಕಲಿಲ್ಲ. ಎರಡನೆಯ ಮನೆ, ಮೂರನೆಯ ಮನೆ. ನನ್ನ ಜಗಲಿಯ ಮುಂದೆ ಬಂದಾಗಲೂ ಕೈ ಚಾಚಿದ. “ಬೆಲೆ ಬಾಯಲ್ಲಿ ಹೇಳಪ್ಪ, ಎಲ್ಲರೂ ಕೇಳ್ಕೊಳ್ಳಲಿ” ಎಂದೆ. ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಕೋಳಿಯನ್ನು ಓಡಿಸಿ ಕುಣಿಗಿಳಿದೆ. ಆಚೆಯ ಮಂಡಿ ನಮಗೆ ಮುಚ್ಚಿತ್ತು. ಶೆಟ್ಟಮ್ಮ ಗಾಡಿಯನ್ನು ಶಿರಾ ಸಂತೆಗೆ ತಿರುಗಿಸಿದರು. ಅಲ್ಲಿಯ ಸಾಬರೊಬ್ಬರು ಕಂಬಳಿ ಎತ್ತಿ “ಕ್ಯಾ ಭಾವ್ ಅಮ್ಮಾ?” ಎಂದಾಗ ಬೆಲೆ ಕೇಳಿದ್ದು ಅಂತ ಗೊತ್ತಾಗದೆ, “ನನಗೆ ಯಾವ ಭಾವನೂ ಇಲ್ಲ, ಎಲ್ಲಾ ತೀರ್ಕೊಂಡವ್ರೆ” ಎಂದರು, ತಿಳಿದ ಮೇಲೆ ಸಾಬರಿಗಿಂತ ಜೋರಾಗಿ ತಾವೇ ನಕ್ಕರು. ಅವರು ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ. ಶಿರಾ, ಕೊರಟಗೆರೆ, ಪಾವಗಡ, ಎಲ್ಲ ಸಂತೆಗೂ ಹೋದೆವು. ಆದರೂ ವರ್ಷಕ್ಕೊಮ್ಮೆ, ಚಳಿಗೆ ಮೊದಲು, ಹಿಂದೂಪುರದ ಮಂಡಿಗೆ ಹೋಗಿ ಬೆಲೆ ಕೂಗಿ ಬರುವುದನ್ನು ಮಾತ್ರ ಬಿಡಲಿಲ್ಲ. ಮಂಡಿಯವರು ಬೇಡ ಎನ್ನುತ್ತಿದ್ದರು. ಇವರು “ಬೇಡ ಅನ್ನೋದನ್ನೂ ಜೋರಾಗೇ ಹೇಳ್ತಾರೆ ಈಗ, ನೋಡ್ದಾ?” ಎಂದು ಗಾಡಿ ಹತ್ತುತ್ತಿದ್ದರು. ಎಷ್ಟು ವರ್ಷ ಹಾಗೆ ಹೋದೆವೋ ಲೆಕ್ಕವಿಟ್ಟಿಲ್ಲ. ಎತ್ತಿನ ಜೋಡಿ ಮೂರು ಬದಲಾದವು.

ಅವರನ್ನು ದೇವರು ಮಾಡಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಬಾಯಿ ಬಿರುಸು. ಒಂದು ದಿನವೂ “ಚೆನ್ನಾಗಿ ನೇಯ್ದಿದ್ದೀಯ” ಎಂದವರಲ್ಲ. ಉಣ್ಣೆ ಕೊಳ್ಳುವಾಗ ಕುರಿಯವರನ್ನು ಹಿಂಡುತ್ತಿದ್ದರು. ಮಾರುವಾಗ ಕೂಗುತ್ತಿದ್ದ ಬಾಯಿ ಕೊಳ್ಳುವಾಗ ಮುಚ್ಚಿಕೊಂಡಿರುತ್ತಿತ್ತು. ಕುರಿಯವನು ತಾನಾಗಿ ಬೆಲೆ ಇಳಿಸುವ ತನಕ ಉಣ್ಣೆಯ ಮೇಲೆ ಕೈಯಾಡಿಸುತ್ತ ಕೂತೇ ಇರುತ್ತಿದ್ದರು. ನಾನು ನೋಡಿದ್ದೇನೆ. ಸುಮ್ಮನಿದ್ದೆ, ಏಕೆಂದರೆ ಅದರ ಲಾಭ ನನ್ನ ಮಗ್ಗಕ್ಕೂ ಬರುತ್ತಿತ್ತು.

ಯುದ್ಧದ ಕಾಲಕ್ಕೆ ಅವರಿಗೆ ಕಣ್ಣು ಮಂಜಾಯಿತು. ಗಾಡಿ ಹತ್ತುವುದು ನಿಂತಿತು. ಕಂಬಳಿ ಒಯ್ದು ಕೆನ್ನೆಗೆ ಮುಟ್ಟಿಸಿದರೆ ಇದು ಇಂಥವರದು ಎಂದು ಹೇಳುವುದು ಮಾತ್ರ ತಪ್ಪಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಲಕ್ಕಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವಳನ್ನು ಸ್ಕೂಲು ಬಿಡಿಸಿ ರಾಟೆಗೆ ಕೂರಿಸಬೇಕೆಂದು ಮನೆಯಲ್ಲಿ ಮಾತಾಗಿತ್ತು. ಶೆಟ್ಟಮ್ಮ ಹುಡುಗಿಯ ಕೈ ಹಿಡಿದು ಬೆರಳಿನ ಮಸಿಯನ್ನು ಮೂಸಿ ನೋಡಿದರು.

“ಬರೀತಾಳಾ?”

“ಬರೀತಾಳೆ ಅಮ್ಮಾ, ನನ್ನ ಹಂಗಲ್ಲ.”

“ನನ್ನ ಕೂಗು ಮಂಡಿ ಬಾಗಿಲ ತನಕ ಹೋಯ್ತು ಕಣಪ್ಪ. ಕಾಗದ ಒಳಕ್ಕೆ ಹೋಗ್ತದೆ. ಇವಳನ್ನ ಇಸ್ಕೂಲಿಂದ ಬಿಡಿಸಿದ್ರೆ ನಿನ್ನ ಕಾಲು ಮುರೀತೀನಿ.”

ಆ ಮಳೆಗಾಲದಲ್ಲಿ ಹೋಗಿಬಿಟ್ಟರು. ಅವರ ಕುಲದ ರೀತಿಯಂತೆ ಕೂರಿಸಿಯೇ ಸಮಾಧಿ ಮಾಡಿದರು. ಅವರು ಮಲಗಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಲಕ್ಕಮ್ಮನನ್ನು ಸ್ಕೂಲು ಬಿಡಿಸಲಿಲ್ಲ. ಹೋದ ದೀಪಾವಳಿಯ ಹೊತ್ತಿಗೆ ಅವಳೇ ಹನ್ನೆರಡು ಮಗ್ಗದವರನ್ನೂ ಕೂರಿಸಿ, ಎಲ್ಲರಿಗೂ ಕೇಳುವಂತೆ ಬೆಲೆ ಓದಿ, ಎಲ್ಲರೂ ಹೂಂ ಎಂದ ಮೇಲೆ ಹಿಂದೂಪುರಕ್ಕೆ ಕಾಗದ ಹಾಕಿದಳು. ಜವಾಬು ಬರೆದವನು ಆ ಹಳೆಯ ಸಾಹುಕಾರನ ಮೊಮ್ಮಗ. ಮಿಲ್ಲಿನ ರಗ್ಗು ಸರಿಯಾಗಿ ಸಿಗುತ್ತಿಲ್ಲ, ಆ ಕಡೆಯ ರೈತರು ನೀರು ನಿಲ್ಲಿಸುವ ಕಂಬಳಿಯನ್ನೇ ಕೇಳುತ್ತಾರೆ, ಯುಗಾದಿಯೊಳಗೆ ನೂರು ಕಳಿಸಿರಿ ಎಂದು ಬರೆದಿದ್ದಾನೆ.

ಕಾಗದವೇನೋ ಬಂತು. ಆದರೆ ನೂರು ಕಂಬಳಿಗೆ ಉಣ್ಣೆ? ನಿನ್ನೆ ಬೆಳಗಿನ ಸಂತೋಷದಲ್ಲಿ ಯಾರಿಗೂ ಆ ಯೋಚನೆ ಬರಲಿಲ್ಲ. ಮಧ್ಯಾಹ್ನಕ್ಕೆ ನನ್ನ ಸೊಸೆಯ ಅಣ್ಣ ಬಂದ. ಪಾವಗಡದ ಕಡೆ ಕ್ಯಾತಗಾನಚೆರ್ಲಿನವನು, ದೊಡ್ಡ ಕುರಿಹಟ್ಟಿ ಇದೆ. ತಂಗಿಯನ್ನು ನೋಡಿಕೊಂಡು ಹೋಗಲು ಬಂದಿದ್ದ. ನನ್ನ ಮಗ ಅವನು ಕೈಕಾಲು ತೊಳೆಯುವ ಮೊದಲೇ ಹಿಡಿದುಕೊಂಡ.

“ಬಾವ, ಈ ಸಲದ ಉಣ್ಣೆ ಎಲ್ಲಾ ನಮಗೇ. ಹೋದ ವರ್ಷದ ಬೆಲೆ. ಏನಂತೀಯ?”

ಅವನು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ. ಏನೋ ಹೇಳಲು ಹೋಗಿ ತಂಗಿಯ ಮುಖ ನೋಡಿದ. ಹೆಣ್ಣು ಕೊಟ್ಟ ಮನೆಯಲ್ಲಿ ಬೆಲೆಯ ಮಾತು ಹೇಗೆ ಆಡುವುದು? “ಮೀ ಇಷ್ಟಂ ಬಾವ. ನೀವು ಹೇಳಿದಂಗೆ” ಎಂದ. ಮಗನಿಗೆ ಮುಖ ಅರಳಿತು. ನನಗೆ ಮಾತ್ರ ಅವನ ಬಾಯಲ್ಲಿ ಏನೋ ಉಳಿದದ್ದು ಕಾಣಿಸಿತು.

ಲಕ್ಕಮ್ಮ ನೀರಿನ ಚೊಂಬು ಹಿಡಿದು ನಿಂತಿದ್ದಳು. “ಮಾವ, ಆಚೆಯವರು ನಿಮ್ಮ ಹಟ್ಟಿಗೆ ಬಂದಿದ್ರಾ?”

“ವಚ್ಚಿನಾರು ತಲ್ಲಿ. ಬಂದಿದ್ರು. ಹೋಗಲಿ ಬುಡು.”

“ಎಷ್ಟು ಹೇಳಿದ್ರು?”

“ಲೇ, ನಿನಗ್ಯಾಕೆ ಅದು, ಒಳಗೆ ಹೋಗು” ಎಂದ ನನ್ನ ಮಗ.

“ಇರಲಿ ಬುಡಲಾ” ಎಂದೆ ನಾನು. “ಹೇಳಪ್ಪ. ಈ ಮನೆಯಲ್ಲಿ ಬೆಲೆ ಬಾಯಲ್ಲೇ ಹೇಳೋದು.”

ಅವನು ಹೇಳಿದ. ಮೆಲ್ಲಗೆ ಹೇಳಿದ, ಆದರೆ ಎಲ್ಲರಿಗೂ ಕೇಳಿಸಿತು. ಹೋದ ವರ್ಷಕ್ಕಿಂತ ಬಹಳ ಮೇಲಿತ್ತು. ಮಗ ತಲೆಯ ಮೇಲೆ ಕೈಯಿಟ್ಟುಕೊಂಡ. ನಾನು ಕಣ್ಣು ಮುಚ್ಚಿದೆ. ನಾನೂ ಒಂದು ಸಲ ಎಲ್ಲರಿಗಿಂತ ಕಮ್ಮಿ ಬೆಲೆಗೆ ಕೊಟ್ಟು ಮನೆಗೆ ಬಂದವನು; ಆ ಹೊಟ್ಟೆಯುರಿ ಹೇಗಿರುತ್ತದೆಂದು ಬಲ್ಲೆ. ಇವತ್ತು ಬಾಂಧವ್ಯಕ್ಕೆ ಕಟ್ಟುಬಿದ್ದು ಕೊಟ್ಟಾನು. ಮುಂದಿನ ವರ್ಷ ಅವನ ಹೆಂಡತಿ ಮಕ್ಕಳು ಬಿಟ್ಟಾರೆಯೇ? ಉಣ್ಣೆ ಗಡಿ ದಾಟುತ್ತದೆ, ಹನ್ನೆರಡು ಕುಣಿಗಳಲ್ಲಿ ಕೋಳಿ ಕೂರುತ್ತದೆ.

“ಆ ಬೆಲೆಗೇ ಕೊಡು” ಎಂದೆ.

“ಅಪ್ಪಯ್ಯ! ನಮಗೇನು ಉಳೀತದೆ?” ಎಂದ ಮಗ.

“ಮಗ್ಗ ಉಳೀತದೆ.”

ಲಕ್ಕಮ್ಮ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಕೂಡಿ ಕಳೆದು, “ನೇಯ್ಗೆ ಕೂಲಿ ಪೂರ್ತಿ ಬರ್ತದೆ ಅಪ್ಪ. ಮೇಲೆ ಸ್ವಲ್ಪ ಉಳೀತದೆ. ಸ್ವಲ್ಪವೇ” ಎಂದಳು. ಮಗ ಆ ಗೀಚಿದ್ದನ್ನು ಬಗ್ಗಿ ನೋಡಿದ. ಅವನಿಗೆ ಓದಲು ಬರುವುದಿಲ್ಲ, ಆದರೂ ನೋಡಿದ. ಆಮೇಲೆ ಬಾವನ ಮುಖ ನೋಡಿ, “ಆಯ್ತು ಕಣಯ್ಯ. ಆದರೆ ಕಸ ಕಡ್ಡಿ ಇದ್ದರೆ ಒಪ್ಪಲ್ಲ” ಎಂದ.

ಪಾವಗಡದವನು ಎದ್ದು ನಿಂತುಬಿಟ್ಟ. “ನಾ ಒಟ್ಟು ಬಾವ! ನನ್ನಾಣೆ! ನನ್ನದಷ್ಟೇ ಅಲ್ಲ, ನನ್ನ ತಮ್ಮಂದಿರ ಎರಡು ಹಟ್ಟೀದೂ ಇಲ್ಲಿಗೇ. ಆಚೆಯೋರಿಗೆ ಒಂದು ಹಿಡಿ ಉಣ್ಣೆ ಕೊಟ್ಟರೆ ಕೇಳಿ.” ಸೊಸೆ ಒಲೆಯ ಮುಂದೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೊಗೆಗೆ ಅಂದಳು.

ಸಂಜೆ ಎಲ್ಲರೂ ಒಟ್ಟಿಗೆ ಉಂಡೆವು. ರಾಗಿ ಮುದ್ದೆ, ಹಿತುಕಿದ ಅವರೆಬೇಳೆ ಸಾರು, ಬೆಲ್ಲದ ಪಾಯಸ. ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬುದನ್ನು ನಾನೇ ಬೇಡ ಎಂದೆ. ನನ್ನ ಹೆಂಡತಿ ಪಾತ್ರೆಗಳನ್ನೆಲ್ಲ ನಡುವೆ ಎಳೆದುಕೊಂಡು ಸಾಲಿನಲ್ಲೇ ಕೂತಳು, ಲಕ್ಕಮ್ಮ ಅವಳ ಪಕ್ಕ, ಸೊಸೆ ಅಣ್ಣನ ಎದುರಿಗೆ. ಮಗ ತನ್ನ ಎಲೆಯಿಂದ ಅರ್ಧ ಮುದ್ದೆ ಮುರಿದು ಬಾವನ ಎಲೆಗೆ ಹಾಕಿದ. ಅವನು “ಚಾಲು, ಚಾಲು, ಸಾಕು” ಎನ್ನುತ್ತಲೇ ಉಂಡ. ಮಾಡಿದ್ದು ಸಾಲದೆ ಸೊಸೆ ಎದ್ದು ಮತ್ತೆ ಎಸರಿಟ್ಟಳು. ಹಿಟ್ಟು ಬೇಯುವ ತನಕ ಯಾರೂ ಎಲೆ ಬಿಟ್ಟು ಏಳಲಿಲ್ಲ. ಎಂಜಲು ಒಣಗಿದ ಕೈಯಲ್ಲೇ ಮಾತಾಡುತ್ತ ಕೂತಿದ್ದೆವು, ಬಿಸಿ ಮುದ್ದೆ ಬರಲಿ ಎಂದು.